ಗೋಡೆ, ಚೌಕಟ್ಟು, ಹೆಸರು: ಕಸ್ತೂರ್ಬಾ ರಸ್ತೆಯ ಎರಡು ಕಲಾಲಯಗಳು ಮತ್ತು ಜನಪದ ಚಿತ್ರ

ಕರ್ನಾಟಕದ ಆಧುನಿಕ ಚಿತ್ರಕಲೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ಕಲಾವಿದರ ಚರಿತ್ರೆಯನ್ನಾಗಿ ಬರೆದಿದ್ದಾರೆ. ಯಾರು ಯಾರಲ್ಲಿ ಕಲಿತರು, ಯಾವ ಶೈಲಿಯನ್ನು ಒಪ್ಪಿದರು, ಯಾವುದನ್ನು ಬಿಟ್ಟರು ಎಂಬ ವಿವರಗಳು ನಮಗೆ ಸಾಕಷ್ಟು ಸಿಗುತ್ತವೆ. ಆದರೆ ಆ ಚಿತ್ರಗಳು ಯಾವ ಕಟ್ಟಡದ ಗೋಡೆಯ ಮೇಲೆ ತೂಗಿದವು, ಅವುಗಳ ಕೆಳಗೆ ಏನೆಂದು ಬರೆಯಲಾಯಿತು, ಅದೇ ಕಟ್ಟಡದ ಒಳಗೆ ಬರಲಾಗದೆ ಹೊರಗುಳಿದ ಚಿತ್ರಗಳು ಯಾವುವು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಜಾನಪದದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಎದುರಾದದ್ದು ಗ್ರಂಥಾಲಯದಲ್ಲಲ್ಲ. 2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಹೊಸದಾಗಿ ತೆರೆದ ಸಂಗ್ರಹಾಲಯವೊಂದರಲ್ಲಿ, ಗೋಡೆಚಿತ್ರದ ಛಾಯಾಚಿತ್ರವೊಂದರ ಮುಂದೆ ನಿಂತಾಗ. ಆ ಛಾಯಾಚಿತ್ರವನ್ನು ತೆಗೆದವರ ಹೆಸರು ಅಲ್ಲಿತ್ತು. ಗೋಡೆಗೆ ಬರೆದವರ ಹೆಸರು ಇರಲಿಲ್ಲ. ಅದನ್ನು ಗಮನಿಸಿದ ಮರುಕ್ಷಣವೇ ನನ್ನ ಸಂಶೋಧನಾ ಮಹಾಪ್ರಬಂಧದ ಪುಟಗಳು ನೆನಪಾದವು. ಅಲ್ಲಿಯೂ ಆ ಹೆಸರುಗಳು ಇಲ್ಲ. ಪ್ರಸ್ತುತ ಲೇಖನ ಆ ಮುಜುಗರದಿಂದ ಹುಟ್ಟಿದ್ದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಸ್ತೂರ್ಬಾ ರಸ್ತೆಯ ಒಂದು ಬದಿಗೆ ಕಬ್ಬನ್ ಉದ್ಯಾನಕ್ಕೆ ಬೆನ್ನು ಕೊಟ್ಟು ಸರ್ಕಾರಿ ವಸ್ತುಸಂಗ್ರಹಾಲಯವೂ ಅದರ ಮಗ್ಗುಲಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಯೂ ಇವೆ. ವಸ್ತುಸಂಗ್ರಹಾಲಯ ಸ್ಥಾಪನೆಯಾದದ್ದು 1865ರಲ್ಲಿ, ಲೆವಿನ್ ಬೌರಿಂಗ್ ಮೈಸೂರು ಸೀಮೆಯ ಮುಖ್ಯ ಆಯುಕ್ತರಾಗಿದ್ದ ಕಾಲದಲ್ಲಿ. ಈಗಿನ ಕೆಂಪು ಕಟ್ಟಡಕ್ಕೆ ಅದು ಬಂದದ್ದು 1877ರಲ್ಲಿ. ಶಾಸನ, ಶಿಲ್ಪ, ನಾಣ್ಯ, ಆಯುಧಗಳನ್ನು ಒಟ್ಟುಗೂಡಿಸಿ ಒಂದು ನಾಡನ್ನು ತಿಳಿಯಬಹುದೆಂಬ ವಸಾಹತು ಆಡಳಿತದ ನಂಬಿಕೆಯ ಫಲ ಅದು. ಅದರ ಮಗ್ಗುಲಿನ ಕಲಾ ಗ್ಯಾಲರಿಯ ಹುಟ್ಟು ಬೇರೆ ಬಗೆಯದು. ಸ್ವಾತಂತ್ರ್ಯೋತ್ತರ ಕಾಲದ ರಾಜ್ಯ ಸರ್ಕಾರವೊಂದು ತನ್ನ ಕಲಾವಿದನೊಬ್ಬನ ಹೆಸರಿನಲ್ಲಿ, ಅವನ ಕೃತಿಗಳನ್ನು ಕಾಪಾಡುವ ಸಲುವಾಗಿ, 1970ರ ದಶಕದಲ್ಲಿ ತೆರೆದ ಸಾರ್ವಜನಿಕ ಸ್ಥಳ ಅದು. ರಸ್ತೆಯ ಆಚೆ ಬದಿಗೆ, ಕೂಗಳತೆಯಲ್ಲಿ, 2023ರ ಫೆಬ್ರವರಿಯಲ್ಲಿ ತೆರೆದದ್ದು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಸಂಕ್ಷೇಪವಾಗಿ ಅದನ್ನು ಮ್ಯಾಪ್ ಎಂದು ಕರೆಯುತ್ತಾರೆ. ಇದು ಖಾಸಗಿ ಸಂಗ್ರಹದಿಂದ ಬೆಳೆದ, ದಾನಿಗಳ ನೆರವಿನಿಂದ ನಡೆಯುವ ಸಂಸ್ಥೆ. ಉದ್ಯಮಿ ಹಾಗೂ ಸಂಗ್ರಾಹಕ ಅಭಿಷೇಕ್ ಪೊದ್ದಾರ್ ಇದರ ಸ್ಥಾಪಕರು. ಹೀಗೆ ಒಂದು ರಸ್ತೆಯ ನಾಲ್ಕು ಹೆಜ್ಜೆಗಳಲ್ಲಿ ಮೂರು ಕಾಲಗಳ ಮೂರು ಬಗೆಯ ಸಂಗ್ರಹಾಲಯಗಳು ಸಿಗುತ್ತವೆ. ಇವುಗಳಲ್ಲಿ ಕೊನೆಯ ಎರಡರ ಪ್ರದರ್ಶನಗಳು ಜನಪದ ಚಿತ್ರವನ್ನು ಹೇಗೆ ಕಂಡವು, ಎಲ್ಲಿ ಕಾಣಲಿಲ್ಲ ಎಂಬುದಷ್ಟೇ ಇಲ್ಲಿಯ ವಿಚಾರ.

ಚಿತ್ರಗಾರರ ಮನೆಯ ಹುಡುಗ

ವೆಂಕಟಪ್ಪನವರು ಚಿತ್ರಗಾರರ ಮನೆತನದವರು ಎಂಬುದನ್ನು ಎಲ್ಲ ಪರಿಚಯ ಲೇಖನಗಳೂ ಮೊದಲ ಸಾಲಿನಲ್ಲೇ ಹೇಳಿ, ಎರಡನೆಯ ಸಾಲಿನಲ್ಲಿ ಮರೆತುಬಿಡುತ್ತವೆ. ಜಾನಪದದ ದೃಷ್ಟಿಯಿಂದ ಆ ಮೊದಲ ಸಾಲೇ ಮುಖ್ಯ. ಚಿತ್ರಗಾರರೆಂದರೆ ನಮ್ಮ ನಾಡಿನಲ್ಲಿ ಒಂದು ವೃತ್ತಿ ಸಮುದಾಯ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆಗಳಿಗೂ ದೇವರ ಮೂರ್ತಿಗಳಿಗೂ ಬಣ್ಣ ಕೂಡಿಸುತ್ತ ಬಂದವರು ಅವರೇ. ಮೈಸೂರಿನ ಅರಮನೆಯ ಆಶ್ರಯದಲ್ಲಿ ಚಿನ್ನದ ರೇಕಿನ ದೇವತಾಚಿತ್ರಗಳನ್ನು ಬರೆದವರಲ್ಲಿಯೂ ಅವರಿದ್ದರು. ಈ ಕೆಲಸದಲ್ಲಿ ಹಲಗೆ ಸಿದ್ಧಮಾಡುವವರು, ರೇಖೆ ಎಳೆಯುವವರು, ಬಣ್ಣ ತುಂಬುವವರು ಬೇರೆಬೇರೆಯಾಗಿರಬಹುದು. ಚಿತ್ರದ ಮೇಲೆ ಸಹಿ ಇರುವುದು ಅಪರೂಪ. ಚಿತ್ರ ದೇವರದು, ಇಲ್ಲವೇ ಬರೆಸಿದವರದು.

ಇಂಥ ಮನೆಯಲ್ಲಿ ಹುಟ್ಟಿದ ಹುಡುಗನನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅಬನೀಂದ್ರನಾಥ ಟಾಗೋರರು ಗುರುಗಳು, ನಂದಲಾಲ್ ಬೋಸರು ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದ, 1913ರಲ್ಲಿ ಪ್ರಕಟವಾದ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಮುದ್ರಿತ ಪುಟದಲ್ಲಿ ಚಿತ್ರದ ಜೊತೆಗೆ ಚಿತ್ರಕಾರನ ಹೆಸರು ಅಚ್ಚಾಗುವ ಲೋಕ ಅದು. ಅಲ್ಲಿಂದ ಮೈಸೂರಿಗೆ ಮರಳಿದವರು ಚಿತ್ರಗಾರರಾಗಿ ಮರಳಲಿಲ್ಲ, ಕಲಾವಿದರಾಗಿ ಮರಳಿದರು. ಈ ಎರಡು ಪದಗಳ ನಡುವಿನ ಅಂತರವೇ ನಮ್ಮ ಆಧುನಿಕ ಕಲೆಯ ಚರಿತ್ರೆ ಎಂದರೂ ತಪ್ಪಾಗಲಾರದು.

ಅವರ ಸ್ವಾಭಿಮಾನದ ಬಗ್ಗೆ, ನಿಷ್ಠುರತೆಯ ಬಗ್ಗೆ ಅನೇಕ ಕಥೆಗಳು ಚಾಲ್ತಿಯಲ್ಲಿವೆ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತದ್ದು, ಮದುವೆಯಾಗದೆ ಉಳಿದದ್ದು, ಚಿತ್ರ ಮಾರಲು ಒಲ್ಲದಿದ್ದದ್ದು, ಅರಮನೆಯೊಂದಿಗೆ ಮನಸ್ತಾಪವಾದದ್ದು ಇತ್ಯಾದಿ. ಇವುಗಳನ್ನು ಪ್ರತಿಭಾವಂತನ ವಿಕ್ಷಿಪ್ತತೆ ಎಂದು ವಿವರಿಸುವುದು ರೂಢಿ. ನನಗೆ ಇವುಗಳ ಹಿಂದೆ ಇನ್ನೊಂದು ಒತ್ತಾಯವಿದ್ದಂತೆ ತೋರುತ್ತದೆ. ಹೇಳಿದ್ದನ್ನು ಹೇಳಿದ ಕಾಲಕ್ಕೆ ಮಾಡಿಕೊಡುವ ಕುಲಕಸುಬಿನ ಸ್ಥಾನಕ್ಕೆ ಮತ್ತೆ ಇಳಿಯಲಾರೆ ಎಂಬ ಹಟ ಅದು. ಊಟಿಯ ಬೆಟ್ಟಗಳ ಬೆಳಕನ್ನು ಹಿಡಿದ ಅವರ ಜಲವರ್ಣಗಳಲ್ಲಿ ಬರೆಸಿದವರಾರೂ ಇಲ್ಲ. ನೋಡಿದವನೊಬ್ಬನೇ ಇದ್ದಾನೆ. ಅದೇ ವೇಳೆಗೆ, ಅವುಗಳಲ್ಲಿಯ ಕೂದಲೆಳೆಯ ನಾಜೂಕು, ಹಸ್ತಕೌಶಲದ ಬಗೆಗಿನ ಆ ಶಿಸ್ತು ಚಿತ್ರಗಾರರ ಮನೆಯಿಂದ ಬಂದದ್ದಲ್ಲವೆಂದು ಹೇಳುವುದು ಕಷ್ಟ. ಅಂದರೆ ಅವರು ಕಸುಬನ್ನು ಉಳಿಸಿಕೊಂಡರು, ಕಸುಬಿನ ಅನಾಮಿಕತೆಯನ್ನು ಬಿಟ್ಟರು.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿಯಲ್ಲಿ ಅವರ ಜಲವರ್ಣಗಳಿಗೂ ಗಚ್ಚಿನ ಉಬ್ಬುಚಿತ್ರಗಳಿಗೂ ನೆಲೆ ದೊರೆಯಿತು. ಕರಾವಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ನೆಲಸಿದ ಕೆ.ಕೆ. ಹೆಬ್ಬಾರರು (1911–1996) ತಮ್ಮ ಕೃತಿಗಳನ್ನು ಈ ಗ್ಯಾಲರಿಗೆ ದಾನವಾಗಿ ಕೊಟ್ಟರು. ಹೆಬ್ಬಾರರ ರೇಖೆಗೆ ಯಕ್ಷಗಾನವೂ ಹಳ್ಳಿಯ ಕುಣಿತಗಳೂ ಪ್ರೇರಣೆಯಾಗಿದ್ದವೆಂಬುದು ತಿಳಿದದ್ದೇ. ಆದರೆ ಈ ಗ್ಯಾಲರಿಯ ನಿಜವಾದ ಜೀವ ಇದ್ದದ್ದು ಶಾಶ್ವತ ಸಂಗ್ರಹದಲ್ಲಲ್ಲ, ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಸಭಾಂಗಣಗಳಲ್ಲಿ. ಆರ್.ಎಂ. ಹಡಪದರ ಕೆನ್ ಕಲಾಶಾಲೆಯ ವಿದ್ಯಾರ್ಥಿಗಳು, ಚಿತ್ರಕಲಾ ಪರಿಷತ್ತಿನಿಂದ ಆಗತಾನೆ ಹೊರಬಂದವರು, ಕಲಬುರಗಿ ಧಾರವಾಡಗಳಿಂದ ಸುತ್ತಿದ ಕ್ಯಾನ್‌ವಾಸುಗಳನ್ನು ರಾತ್ರಿ ಬಸ್ಸಿನ ಮೇಲೆ ಹೇರಿಕೊಂಡು ಬಂದವರು ಇಲ್ಲಿ ತಮ್ಮ ಮೊದಲ ಪ್ರದರ್ಶನ ಮಾಡಿದರು. ಛಾಯಾಚಿತ್ರ ಪ್ರದರ್ಶನಗಳೂ ಇಲ್ಲಿ ನಡೆದವು. ಯಾರೂ ಆಹ್ವಾನಿಸದೆ, ಯಾರ ಆಯ್ಕೆಗೂ ಕಾಯದೆ, ಅರ್ಜಿ ಬರೆದು ಬಾಡಿಗೆ ಕಟ್ಟಿ ಒಳಗೆ ಬರಬಹುದಾದ ಸಾರ್ವಜನಿಕ ಗೋಡೆ ಅದಾಗಿತ್ತು. ನಮ್ಮ ಊರುಗಳ ಪಡಸಾಲೆಗೆ ಅದನ್ನು ಹೋಲಿಸಬಹುದು.

2015ರಲ್ಲಿ ಸರ್ಕಾರ ಈ ಗ್ಯಾಲರಿಯ ಪುನರ್ನಿರ್ಮಾಣ ಹಾಗೂ ನಿರ್ವಹಣೆಗಾಗಿ ತಸ್ವೀರ್ ಪ್ರತಿಷ್ಠಾನದೊಂದಿಗೆ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಒಂದಾಗಿ ವಿರೋಧಿಸಿದರು. ಅಭಿಷೇಕ್ ಪೊದ್ದಾರ್ ಅವರೇ ಈ ಪ್ರತಿಷ್ಠಾನದ ಹಿಂದೆಯೂ ಇದ್ದರು. ವಿಎಜಿ ಫೋರಂ ಎಂಬ ಹೆಸರಿನಲ್ಲಿ ಸಂಘಟಿತರಾದ ಕಲಾವಿದರು 2016ರಲ್ಲಿ ಪ್ರದರ್ಶನ, ಪ್ರದರ್ಶನಕಲೆ, ಮಾನವ ಸರಪಳಿ ಮೊದಲಾದ ರೀತಿಗಳಲ್ಲಿ ತಮ್ಮ ಮಾತನ್ನು ಮುಂದಿಟ್ಟರು. ಸಾರ್ವಜನಿಕ ಆಸ್ತಿಯೊಂದು ಖಾಸಗಿಯವರ ಅಭಿರುಚಿಗೆ ಒಳಪಡಬಾರದು ಎಂಬುದು ಅವರ ವಾದ. ಸೋರುವ ಮಾಳಿಗೆ, ಹದಗೆಟ್ಟ ಬೆಳಕಿನ ವ್ಯವಸ್ಥೆಯನ್ನು ಸರಿಪಡಿಸುವವರು ಯಾರು ಎಂಬುದು ಎದುರು ಪಕ್ಷದ ಪ್ರಶ್ನೆ. ಕೊನೆಗೆ ಆ ಒಪ್ಪಂದ ಕಾರ್ಯರೂಪಕ್ಕೆ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಮ್ಯಾಪ್ ತನ್ನದೇ ಕಟ್ಟಡದಲ್ಲಿ, ಅದೇ ರಸ್ತೆಯಲ್ಲಿ ತಲೆಯೆತ್ತಿತು. ಈ ವಿವಾದದಲ್ಲಿ ನನ್ನ ಸಹಾನುಭೂತಿ ಕಲಾವಿದರ ಪರವಾಗಿತ್ತು, ಈಗಲೂ ಇದೆ. ಆದರೂ ಒಂದು ಮಾತನ್ನು ಹೇಳಬೇಕು. ಎಲ್ಲರಿಗೂ ಸೇರಿದ ಗೋಡೆ ಎಂದು ಅಂದು ನಾವು ಹೇಳಿದಾಗ, ಆ 'ಎಲ್ಲರಲ್ಲಿ' ಹಸೆ ಬರೆಯುವ ಹೆಂಗಸರು, ತೊಗಲು ಗೊಂಬೆ ಕೊರೆಯುವ ಕಿಳ್ಳೇಕ್ಯಾತರು ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅರ್ಜಿ ಬರೆದು ಬಾಡಿಗೆ ಕಟ್ಟಿದರೆ ಯಾರು ಬೇಕಾದರೂ ಬರಬಹುದಿತ್ತು, ನಿಜ. ಆದರೆ ತಮ್ಮ ಕೆಲಸಕ್ಕೆ ಅರ್ಜಿ ಬರೆಯಬಹುದು ಎಂಬ ಕಲ್ಪನೆ ಇದ್ದವರು ಮಾತ್ರ ಬಂದರು.

ಜಾನಪದಕ್ಕೆ ಬೇರೆ ಮನೆ

ಹಾಗಾದರೆ ಜನಪದ ಚಿತ್ರಗಳು ಎಲ್ಲಿದ್ದವು? ಅವುಗಳಿಗೆ ನಾವು ಬೇರೆ ಮನೆಗಳನ್ನು ಕಟ್ಟಿಕೊಟ್ಟಿದ್ದೆವು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಅದರ ನೆಲೆ ಜಯಲಕ್ಷ್ಮೀವಿಲಾಸ ಅರಮನೆ. ಎಚ್.ಎಲ್. ನಾಗೇಗೌಡರ ಕರ್ನಾಟಕ ಜಾನಪದ ಪರಿಷತ್ತು 1979ರಲ್ಲಿ ಹುಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆಯಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ತೊಗಲು ಗೊಂಬೆಗಳನ್ನೂ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ಊರೂರು ಅಲೆದು ಕೂಡಿಹಾಕಿದರು. ಈ ಮೂರೂ ಪ್ರಯತ್ನಗಳಿಲ್ಲದಿದ್ದರೆ ಇಂದು ನಮ್ಮ ಬಳಿ ಮಾತನಾಡಲು ವಸ್ತುಗಳೇ ಇರುತ್ತಿರಲಿಲ್ಲ. ಮೈಸೂರಿನ ಸಂಗ್ರಹಾಲಯಕ್ಕೆ ವಸ್ತುಗಳನ್ನು ತಂದು ಜೋಡಿಸಿದ ಪಿ.ಆರ್. ತಿಪ್ಪೇಸ್ವಾಮಿಯವರು ಸ್ವತಃ ಚಿತ್ರಕಲಾವಿದರು ಎಂಬುದು ಇಲ್ಲಿ ಗಮನಾರ್ಹ. ಅವರ ಕುಂಚದ ಕೆಲಸ ಒಂದು ಬಗೆಯ ಕಟ್ಟಡಕ್ಕೆ, ಅವರು ಹೊತ್ತು ತಂದ ಗೊಂಬೆಗಳು ಇನ್ನೊಂದು ಬಗೆಯ ಕಟ್ಟಡಕ್ಕೆ ಸೇರಿದವು. ಒಬ್ಬ ವ್ಯಕ್ತಿಯಲ್ಲಿ ಒಂದಾಗಿದ್ದದ್ದು ಸಂಸ್ಥೆಗಳಲ್ಲಿ ಎರಡಾಯಿತು. ನಮ್ಮ ಅಕಾಡೆಮಿಗಳೂ ಇದೇ ವಿಭಜನೆಯನ್ನು ಅನುಸರಿಸಿವೆ: ಲಲಿತಕಲೆಗೊಂದು, ಜಾನಪದಕ್ಕೊಂದು. ಇಂಥ ಸಂಪುಟವೊಂದರಲ್ಲಿ ಈ ಮಾತನ್ನು ಬರೆಯುವಾಗ ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಬರೆಯದಿರಲಾರೆ.

ಎರಡು ಬಗೆಯ ಮನೆಗಳಲ್ಲಿ ವಸ್ತುವಿನ ಪಕ್ಕದ ಚೀಟಿಯ ಭಾಷೆ ಬೇರೆ. ಕಲಾ ಗ್ಯಾಲರಿಯಲ್ಲಿ ಮೊದಲು ಕಲಾವಿದನ ಹೆಸರು, ಆಮೇಲೆ ಕೃತಿಯ ಹೆಸರು, ವರ್ಷ, ಮಾಧ್ಯಮ. ಜಾನಪದ ಸಂಗ್ರಹಾಲಯದಲ್ಲಿ ಮೊದಲು ವಸ್ತುವಿನ ಹೆಸರು, ಆಮೇಲೆ ಉಪಯೋಗ, ಸಮುದಾಯ, ಊರು. ಒಂದರಲ್ಲಿ ವಸ್ತು ವ್ಯಕ್ತಿಯೊಬ್ಬನ ಮನಸ್ಸಿಗೆ ಸಾಕ್ಷಿ; ಇನ್ನೊಂದರಲ್ಲಿ ಅದು ಒಂದು ಜನಾಂಗದ ಬದುಕಿಗೆ ಸಾಕ್ಷಿ. ಜಾನಪದವೆಂದರೆ ಸಾಮೂಹಿಕ ಸೃಷ್ಟಿ, ಅನಾಮಿಕ ಸೃಷ್ಟಿ ಎಂದು ನಾವು ಪಾಠ ಹೇಳಿಕೊಂಡು ಬಂದದ್ದು ಈ ಚೀಟಿಯ ಭಾಷೆಗೆ ಶಾಸ್ತ್ರದ ಆಧಾರ ಒದಗಿಸಿತು.

ಈ ಎರಡರ ನಡುವೆ ನಿಲ್ಲುವುದು ಛಾಯಾಚಿತ್ರ. ಕರ್ನಾಟಕಕ್ಕೆ ಅದು ಬಹಳ ಬೇಗ ಬಂತು. ಬೆಂಗಳೂರಿನ ಸೇನಾ ನೆಲೆಯಲ್ಲಿದ್ದ ಲಿನಿಯಸ್ ಟ್ರೈಪ್ 1854ರಲ್ಲೇ ಬೇಲೂರು ಹಳೆಬೀಡುಗಳನ್ನು ಚಿತ್ರೀಕರಿಸಿದ್ದ. ಮುಂದೆ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಈ ದೇಶದ ಮನುಷ್ಯರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿತು. ಮನುಷ್ಯದೇಹವನ್ನು ಅಳೆಯಲು ಅನುಕೂಲವಾಗುವಂತೆ ಚೌಕಳಿಯ ಹಿನ್ನೆಲೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವ ವಿಧಾನವನ್ನು ಜಾನ್ ಲ್ಯಾಂಪ್ರೆ ಸೂಚಿಸಿದ್ದು 1869ರಲ್ಲಿ. ಎಡ್ಗರ್ ಥರ್ಸ್ಟನ್‌ನ 1909ರ ಏಳು ಸಂಪುಟಗಳೂ, ನಮ್ಮವರೇ ಆದ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಜಾತಿಗಳ ಸಂಪುಟಗಳೂ (1928–1935) ಈ ಪರಂಪರೆಯ ಮುಂದುವರಿಕೆಗಳೇ. ಅವುಗಳಲ್ಲಿಯ ಚಿತ್ರಗಳ ಕೆಳಗೆ ನಾವು ಓದುವುದು ಬಹುಪಾಲು ಜಾತಿಯ ಹೆಸರನ್ನು, ಆಳಿನ ಹೆಸರನ್ನಲ್ಲ. ಕ್ಷೇತ್ರಕಾರ್ಯಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋದ ನಮ್ಮ ಪೀಳಿಗೆಯವರು ವಸಾಹತುಶಾಹಿಯನ್ನು ಕಟುವಾಗಿ ವಿಮರ್ಶಿಸಿದೆವು. ಅಡಿಬರಹವನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು.

ಈ ಅಡಿಬರಹವನ್ನು ಬುಡಸಹಿತ ಅಲುಗಾಡಿಸಿದವರು ಜಾನಪದ ವಿದ್ವಾಂಸರಲ್ಲ, ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಂದಿಗೆ 2000ದಿಂದ 2004ರವರೆಗೆ ಅವರು ರೂಪಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಎಂಬ ಸರಣಿಯಲ್ಲಿ ಪುಷ್ಪಮಾಲಾ ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ. ಒಮ್ಮೆ ರವಿವರ್ಮನ ಲಕ್ಷ್ಮಿ, ಒಮ್ಮೆ ಬಿಜಾಪುರದ ಕಿರುಚಿತ್ರದಲ್ಲಿಯ ಯೋಗಿನಿ, ಒಮ್ಮೆ ಅಳತೆಗಾಗಿ ನಿಲ್ಲಿಸಿದ ತೋಡ ಹೆಂಗಸು. ಅಳತೆಗೆ ಒಳಗಾದವಳ ಜಾಗದಲ್ಲಿ ಹೆಸರಿರುವ, ನೋಡುವವರನ್ನು ನೇರವಾಗಿ ದಿಟ್ಟಿಸುವ ಕಲಾವಿದೆಯೊಬ್ಬಳು ನಿಂತಾಗ ಆ ಹಳೆಯ ಚೌಕಳಿ ನಗೆಪಾಟಲಾಗುತ್ತದೆ. ಜಾನಪದ ವಿಭಾಗಗಳ ಪಠ್ಯದಲ್ಲಿ ಈ ಸರಣಿ ಸೇರಬೇಕಿತ್ತು. ನನಗೆ ತಿಳಿದ ಮಟ್ಟಿಗೆ ನಮ್ಮ ತರಗತಿಗಳಲ್ಲಿ ಅದರ ಪ್ರಸ್ತಾಪ ಬರಲಿಲ್ಲ. ಸಮಕಾಲೀನ ಕಲೆ ಬೇರೆ ವಿಭಾಗದ ವಿಷಯವಾಗಿತ್ತು.

ಹೊಸ ಕಟ್ಟಡದ ಮೊದಲ ಪ್ರದರ್ಶನಗಳು

ಮ್ಯಾಪ್ ತನ್ನ ಬಾಗಿಲು ತೆರೆದಾಗ ಅದರ ಸಂಗ್ರಹದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದವು. ಛಾಯಾಚಿತ್ರ, ಆಧುನಿಕ ಚಿತ್ರಕಲೆ, ಪ್ರಾಚೀನ ಕಲೆ, ಜವಳಿ, ಸಿನಿಮಾ ಭಿತ್ತಿಪತ್ರಗಳಂಥ ಜನಪ್ರಿಯ ಸಾಮಗ್ರಿ, ಇವೆಲ್ಲದರ ಜೊತೆಗೆ ನಾವು ಜನಪದ ಮತ್ತು ಬುಡಕಟ್ಟು ಕಲೆ ಎಂದು ಕರೆಯುವುದಕ್ಕೆ 'ಜೀವಂತ ಪರಂಪರೆಗಳು' ಎಂಬ ಅರ್ಥದ ಹೆಸರಿನ ವಿಭಾಗ. ಒಂದೇ ಸೂರಿನಡಿ ಇವೆಲ್ಲ ಇರುವುದು ನಮ್ಮ ರಾಜ್ಯದ ಮಟ್ಟಿಗೆ ಹೊಸದು ಎನ್ನಬೇಕು. ಪ್ರಾರಂಭದ ಪ್ರದರ್ಶನಗಳಲ್ಲಿ ಒಂದು, ಕಲೆಯಲ್ಲಿ ಹೆಣ್ಣಿನ ಚಿತ್ರಣ ಕುರಿತ 'ವಿಸಿಬಲ್/ಇನ್ವಿಸಿಬಲ್'. ದೇವಿಯ ಶಿಲ್ಪವೂ ಸಿನಿಮಾ ಪೋಸ್ಟರೂ ಸಮಕಾಲೀನ ಕ್ಯಾನ್‌ವಾಸೂ ಅದರಲ್ಲಿ ಒಟ್ಟಿಗಿದ್ದವು. ಇನ್ನೊಂದು, ಕುಂದಾಪುರದ ಕಡೆಯ ಎಲ್.ಎನ್. ತಲ್ಲೂರ್ ಅವರ 'ಚಿರಾಗ್-ಎ-ಎಐ'. ಮೈಸೂರಿನ ಕಾವಾದಲ್ಲಿ ಕಲಿತು ಬಡೋದೆಯಲ್ಲಿ ಸಂಗ್ರಹಾಲಯಶಾಸ್ತ್ರ ಓದಿದ ಈ ಶಿಲ್ಪಿಗೆ ವಿಗ್ರಹ, ಪೂಜೆ, ಯಂತ್ರಗಳ ನಡುವಿನ ಸಂಬಂಧ ಹಳೆಯ ಕುತೂಹಲ. ಅದನ್ನು ವಿವರಿಸಲು ಇನ್ನೊಂದು ಲೇಖನವೇ ಬೇಕು.

ನನ್ನನ್ನು ಬಹುಕಾಲ ನಿಲ್ಲಿಸಿದ್ದು ಮೂರನೆಯದು, ಜ್ಯೋತಿ ಭಟ್ಟರ ಛಾಯಾಚಿತ್ರಗಳ 'ಟೈಮ್ ಅಂಡ್ ಟೈಮ್ ಎಗೇನ್'. 1934ರಲ್ಲಿ ಭಾವನಗರದಲ್ಲಿ ಹುಟ್ಟಿದ ಭಟ್ಟರು ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ವೃತ್ತಿಯಿಂದ ಚಿತ್ರಕಾರರು, ಮುದ್ರಣಕಲಾವಿದರು. 1960ರ ದಶಕದ ಕೊನೆಯಲ್ಲಿ ಗುಜರಾತಿನ ಜನಪದ ಕಲೆಯನ್ನು ದಾಖಲಿಸುವ ಕೆಲಸಕ್ಕೆ ಕ್ಯಾಮೆರಾ ಹಿಡಿದವರು ಅದನ್ನು ದಶಕಗಳ ಕಾಲ ಕೆಳಗಿಡಲಿಲ್ಲ. ಶಿಲ್ಪಿ ರಾಘವ ಕನೇರಿಯಾ ಮೊದಲಾದ ಗೆಳೆಯರೊಂದಿಗೆ ಸೌರಾಷ್ಟ್ರ, ಕಚ್ಛ್, ರಾಜಸ್ಥಾನ, ಮಧ್ಯಪ್ರದೇಶ, ಬಂಗಾಳಗಳ ಹಳ್ಳಿಗಳನ್ನು ಸುತ್ತಿದರು. ಮೀಣಾ ಹೆಂಗಸರು ಮಣ್ಣುಗೋಡೆಯ ಮೇಲೆ ಸುಣ್ಣದಿಂದ ಬರೆದ ನವಿಲುಗಳು, ರಾಠ್ವಾ ಮನೆಗಳ ಪಿಠೋರಾ ಕುದುರೆಗಳು, ರಾಜ್ವಾರರ ಮಣ್ಣಿನ ಜಾಲಂಧ್ರಗಳು ಅವರ ಚಿತ್ರಗಳಲ್ಲಿವೆ. ನಾವು ಜಾನಪದದವರು ಗೋಡೆಚಿತ್ರವನ್ನು ತೆಗೆಯುವಾಗ ಜನರನ್ನು ಪಕ್ಕಕ್ಕೆ ಸರಿಸಿ, ಹಗ್ಗದ ಮೇಲಿನ ಬಟ್ಟೆ ತೆಗೆಸಿ, ಗೋಡೆಯನ್ನಷ್ಟೇ ತೆಗೆಯುತ್ತೇವೆ. ಭಟ್ಟರು ಹಾಗೆ ಮಾಡುವುದಿಲ್ಲ. ಅವರ ಚಿತ್ರಗಳಲ್ಲಿ ಗೋಡೆಯ ಮುಂದೆ ಮಗು ಇದೆ, ಕೋಳಿ ಇದೆ, ಬರೆದ ಕೈಯೂ ಹಲವೆಡೆ ಇದೆ. ಗೋಡೆಯ ನವಿಲಿಗೂ ಅಂಗಳದ ಜೀವಕ್ಕೂ ನಡುವಿನ ಸಂಬಂಧವನ್ನು ಚಿತ್ರಕಾರನ ಕಣ್ಣು ಹಿಡಿದಿದೆ. ದಾಖಲೆಯಾಗಿಯೂ ಇವು ನಮ್ಮವಕ್ಕಿಂತ ಮೇಲು ಎಂದು ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ. ಏಕೆಂದರೆ ಗೋಡೆಚಿತ್ರದ ಸಂದರ್ಭ ಎಂದು ನಾವು ಅಡಿಟಿಪ್ಪಣಿಯಲ್ಲಿ ಬರೆಯುವುದು ಅಲ್ಲಿ ಚಿತ್ರದೊಳಗೇ ಇದೆ.

ಆದರೂ ಹಲವು ಚಿತ್ರಗಳ ಶೀರ್ಷಿಕೆಯಲ್ಲಿ ಇರುವುದು ಸಮುದಾಯ, ಪ್ರದೇಶ, ವರ್ಷ. ಛಾಯಾಗ್ರಾಹಕನಿಗೆ ಚೌಕಟ್ಟೂ ಹೆಸರೂ ದೊರೆತ ಜಾಗದಲ್ಲೇ ಗೋಡೆಗೆ ಬರೆದವಳು ಮತ್ತೆ 'ಒಬ್ಬ ಹೆಂಗಸು' ಆಗಿದ್ದಾಳೆ. ಇದನ್ನು ಭಟ್ಟರ ಮೇಲಿನ ಆಕ್ಷೇಪವಾಗಿ ಹೇಳುತ್ತಿಲ್ಲ. ಒಂದು ದಿನಕ್ಕೆ ಹತ್ತು ಮನೆಗಳನ್ನು ನೋಡುತ್ತ, ನಾಳೆ ಮಳೆಗೆ ಕರಗಿಹೋಗಲಿರುವ ಗೋಡೆಗಳ ಹಿಂದೆ ಓಡುತ್ತಿದ್ದ ಮನುಷ್ಯನಿಗೆ ನಾವು ಇಂದಿನ ಪ್ರಶ್ನೆಯನ್ನು ಹಾಕುವುದು ಸುಲಭ. ಪ್ರಶ್ನೆ ನನ್ನ ಕಡೆಗೇ ತಿರುಗಿದ್ದರಿಂದ ಅದನ್ನು ಇಲ್ಲಿ ಎತ್ತಿದ್ದೇನೆ.

ನನ್ನ ಸಂಶೋಧನೆಯ ದಿನಗಳಲ್ಲಿ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೀವರ ಮನೆಯ ಮದುವೆಗೆ ಹಸೆಗೋಡೆ ಬರೆಯುವುದನ್ನು ನೋಡಿದ್ದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನು ಹುರಿದು ಕಪ್ಪಾಗಿಸಿ ಅರೆದ ಕರಿ, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಹೆಂಗಸರು ಹಾಡುತ್ತ ಎಳೆಯ ಮೇಲೆ ಎಳೆ ಕೂಡಿಸುತ್ತಿದ್ದರು. ನಾನು ಎರಡು ರೀಲು ಮುಗಿಸಿದೆ. ಮಹಾಪ್ರಬಂಧದಲ್ಲಿ ಆ ಚಿತ್ರಕ್ಕೆ ಕೊಟ್ಟ ಅಡಿಬರಹ: 'ಹಸೆ ಚಿತ್ತಾರ, ದೀವರು, ಸಾಗರ ತಾಲ್ಲೂಕು'. ಪರೀಕ್ಷಕರು ಅದನ್ನು ಮೆಚ್ಚಿಕೊಂಡರು. ಹೆಸರು ಏಕಿಲ್ಲ ಎಂದು ಅವರೂ ಕೇಳಲಿಲ್ಲ.

ಪದವಿ ಬಂದ ಮೇಲೆ ಚಿತ್ರದ ಪ್ರತಿಗಳನ್ನು ಕೊಡಲು ಆ ಮನೆಗೆ ಹೋದೆ. ಗೋಡೆಗೆ ಆಗಲೇ ಡಿಸ್ಟೆಂಪರ್ ಬಳಿದಿತ್ತು. ಮುಖ್ಯವಾಗಿ ಚಿತ್ತಾರ ಬರೆದಿದ್ದ ಅಮ್ಮ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಂತೋಷಪಡುತ್ತಾರೆಂದು ನಾನು ಕಾದಿದ್ದೆ. ಅವರು ಬೆರಳಿಟ್ಟು ತೋರಿಸಿ ಹೇಳಿದ್ದು ಇಷ್ಟು: "ಈ ಕಡೀದು ನಂದಲ್ಲ ತಮಾ. ತಂಗಿ ಎಳದದ್ದು. ಅವಳ ಎಳೆ ಯಾವಾಗ್ಲೂ ಹೀಂಗೇ, ಮೂಲೀಗೆ ಬಂದಾಗ ಜಗ್ತದೆ. ಮೇಲಿನ ತೇರು ಮಾತ್ರ ನಂದು." ಆಮೇಲೆ ಸೊಸೆಯನ್ನು ಕರೆದರು. ಆಕೆ ತನ್ನದು ಯಾವುದೆಂದು ತೋರಿಸಿದಳು. ಐದು ನಿಮಿಷದಲ್ಲಿ ಆ ಒಂದು ಗೋಡೆ ಮೂವರು ಹೆಂಗಸರ ಕೈಗಳಾಗಿ ಬೇರ್ಪಟ್ಟಿತು. ನಾನು ಒಂದು ಅಧ್ಯಾಯವಿಡೀ ಸಾಮೂಹಿಕ ಅನಾಮಿಕ ಸೃಷ್ಟಿ ಎಂದು ವಾದಿಸಿದ್ದ ಗೋಡೆ ಅದು. ಅದರಲ್ಲಿ ಯಾವುದು ಯಾರ ಎಳೆ ಎಂಬುದು ಆ ಮನೆಯವರಿಗೆಲ್ಲ ಗೊತ್ತಿತ್ತು. ಊರಿಗೂ ಗೊತ್ತಿತ್ತು ಎಂಬುದು ಮುಂದೆ ವಿಚಾರಿಸಿದಾಗ ತಿಳಿಯಿತು. ಮದುವೆಯ ಮನೆಗಳಿಗೆ ಕೆಲವರನ್ನೇ ಹುಡುಕಿ ಕರೆಸುತ್ತಿದ್ದರು, ಕೈ ಒಳ್ಳೆಯದೆಂದು. ಅನಾಮಿಕತೆ ಇದ್ದದ್ದು ಪರಂಪರೆಯಲ್ಲಲ್ಲ, ನನ್ನ ಟಿಪ್ಪಣಿ ಪುಸ್ತಕದಲ್ಲಿ.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಅಡಿಬರಹದಲ್ಲಿ ಹೆಸರು ಹಾಕಲೇ ಎಂದು ಅಂದು ಕೇಳಿದಾಗ ಆ ಅಮ್ಮ ನಕ್ಕರು. ಹಸೆಗೆ ಹೆಸರು ಹಾಕುವುದುಂಟೇ, ಅದು ಮದುಮಕ್ಕಳದು ಎಂಬುದು ಅವರ ಭಾವ. ಚಿತ್ರದಲ್ಲಿ ತಮ್ಮ ಕೈಯನ್ನು ಗುರುತಿಸುವುದು ಬೇರೆ, ಆ ಗುರುತನ್ನು ಒಡೆತನವಾಗಿ ಬರೆಯುವುದು ಬೇರೆ. ಸಹಿಯನ್ನು ಕಲ್ಕತ್ತೆಯಲ್ಲಿ ಕಲಿತ ವೆಂಕಟಪ್ಪನವರಿಗೆ ಅದು ಬಿಡುಗಡೆಯಾಗಿತ್ತು. ಈ ಅಮ್ಮನಿಗೆ ಅದು ಸ್ವಲ್ಪ ಅಸಭ್ಯವಾಗಿ ಕಂಡಿತು. ಆದ್ದರಿಂದ ಎಲ್ಲ ಜನಪದ ಚಿತ್ರಗಳಿಗೂ ಕಲಾ ಗ್ಯಾಲರಿಯ ಚೀಟಿಯನ್ನು ಅಂಟಿಸಿಬಿಟ್ಟರೆ ನ್ಯಾಯ ಸಂದಿತು ಎಂದು ನಾನು ನಂಬುವುದಿಲ್ಲ. ಕೇಳದೆ ಹೆಸರು ಬಿಡುವುದು ತಪ್ಪಾದರೆ, ಕೇಳದೆ ಹೆಸರು ಹಾಕುವುದೂ ಅದೇ ಜಾತಿಯ ತಪ್ಪು.

ಹೆಸರು ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂದೆ ಭೋಪಾಲದ ಭಾರತ ಭವನದ ಉದಾಹರಣೆಯಿದೆ. 1982ರಲ್ಲಿ ತೆರೆದ ಆ ಸಂಸ್ಥೆಯ ರೂಪಂಕರ್ ಸಂಗ್ರಹಾಲಯದಲ್ಲಿ ಚಿತ್ರಕಾರ ಜೆ. ಸ್ವಾಮಿನಾಥನ್ ಬುಡಕಟ್ಟಿನವರ ಚಿತ್ರಗಳನ್ನೂ ನಗರದ ಕಲಾವಿದರ ಚಿತ್ರಗಳನ್ನೂ ಸಮಕಾಲೀನ ಎಂಬ ಒಂದೇ ಮಾತಿನಡಿ ಇಟ್ಟರು. ಝಾಬುವಾ ಜಿಲ್ಲೆಯ ಪಿಟೋಲ್ ಗ್ರಾಮದ ಭೂರಿ ಬಾಯಿ ಆ ಕಟ್ಟಡಕ್ಕೆ ಮಣ್ಣು ಕಲ್ಲು ಹೊರಲು ಬಂದ ಕೂಲಿ ಹೆಣ್ಣುಮಗಳು. ಸ್ವಾಮಿನಾಥನ್ ಅವರ ಕೈಗೆ ಬಣ್ಣ ಕೊಟ್ಟು ಬರೆಯಲು ಹೇಳಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಸ್ತೂರ್ಬಾ ರಸ್ತೆಯ ಮ್ಯಾಪ್ ಅವರ ಬದುಕನ್ನೇ ವಸ್ತುವಾಗಿಸಿಕೊಂಡ ಪ್ರದರ್ಶನವನ್ನು ಅವರದೇ ಚಿತ್ರಗಳಿಂದ ರೂಪಿಸಿತು. ಭೀಲರ ಚುಕ್ಕಿಗಳಲ್ಲಿ ಅವರು ತಮ್ಮ ಬಾಲ್ಯವನ್ನೂ ಕೂಲಿಯ ದಿನಗಳನ್ನೂ ಬರೆದಿದ್ದಾರೆ. ಇದೇ ಭಾರತ ಭವನದಿಂದ ಬೆಳಕಿಗೆ ಬಂದ ಗೊಂಡ ಕಲಾವಿದ ಜನಗಢ್ ಸಿಂಗ್ ಶ್ಯಾಮ್ 2001ರಲ್ಲಿ ಜಪಾನಿನ ಸಂಗ್ರಹಾಲಯವೊ೦ದರಲ್ಲಿ ಚಿತ್ರ ಬರೆಯುತ್ತಿದ್ದಾಗ, ಇನ್ನೂ ನಲವತ್ತು ತುಂಬುವ ಮೊದಲೇ, ಅಲ್ಲಿಯೇ ಪ್ರಾಣ ಕಳೆದುಕೊಂಡರು. ಗೋಡೆಯಿಂದ ಗ್ಯಾಲರಿಗೆ ಬಂದ ಇಬ್ಬರ ಈ ಎರಡು ದಾರಿಗಳನ್ನೂ ಒಟ್ಟಿಗೇ ನೆನಪಿಡಬೇಕಾಗುತ್ತದೆ.

ಮಲೆನಾಡಿನ ಚಿತ್ತಾರ ಈಗ ಕಾಗದಕ್ಕೂ ಬಟ್ಟೆಗೂ ಬಂದಿದೆ. ಬರೆಯುವವರಲ್ಲಿ ಕೆಲವರ ಹೆಸರುಗಳು ಪ್ರಶಸ್ತಿ ಪಟ್ಟಿಗಳಲ್ಲಿ ಕಾಣುತ್ತಿವೆ, ಗಂಡಸರೂ ಬರೆಯತೊಡಗಿದ್ದಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವುದು ಮಾತ್ರ ಇನ್ನೂ ಮನೆಯೊಳಗಿನ ಕೆಲಸವಾಗಿಯೇ ಉಳಿದಿರುವುದನ್ನು ನೋಡಿದ್ದೇನೆ. ಅದನ್ನು ಹೊಲಕ್ಕೆ ಹೊತ್ತು ಚರಗ ಚೆಲ್ಲಿ ಬರುತ್ತಾರೆ. ಯಾರೂ ಅದಕ್ಕೆ ಚೌಕಟ್ಟು ಹಾಕಿಸಿಲ್ಲ.

ಆ ಮಹಾಪ್ರಬಂಧವನ್ನು ಪುಸ್ತಕವಾಗಿ ಮುದ್ರಿಸಲು ಈಚೆಗೆ ಒಪ್ಪಿಕೊಂಡಿದ್ದೇನೆ. ಚಿತ್ರಗಳ ಪುಟಗಳನ್ನು ಇನ್ನೂ ಪ್ರಕಾಶಕರಿಗೆ ಕೊಟ್ಟಿಲ್ಲ. ಆ ಅಮ್ಮ ಈಗ ಇಲ್ಲ. ತಂಗಿ ಇದ್ದಾರೆ, ಮೂಲೆಗೆ ಬಂದಾಗ ಎಳೆ ಜಗ್ಗುವವರು. ಮುಂದಿನ ತಿಂಗಳು ಸಾಗರಕ್ಕೆ ಹೋಗಿ, ಅಡಿಬರಹದಲ್ಲಿ ಏನಿರಬೇಕೆಂದು ಅವರನ್ನೂ ಸೊಸೆಯನ್ನೂ ಕೇಳಿ ಬರಬೇಕಾಗಿದೆ.